ಶಾಲೆ ಕಾಣುವ ಮೊದಲೇ ವೇಗ ಇಳಿಸಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳು ಶಾಲೆಗೆ ಹೋಗುವುದು ರಸ್ತೆಯ ಅಂಚಿನಲ್ಲೇ ನಡೆದು. ಒಂದು ಬದಿ ಧರೆ, ಇನ್ನೊಂದು ಬದಿ ಚರಂಡಿ. ಸರಿದು ನಿಲ್ಲಲು ಜಾಗವಿಲ್ಲ. ಅದೇ ರಸ್ತೆಯಲ್ಲಿ ಶೃಂಗೇರಿಗೆ ಬರುವ ಯಾತ್ರಿಕರ ವಾಹನಗಳು, ಅಡಿಕೆ–ಕಾಫಿ ಹೊತ್ತ ಪಿಕಪ್‌ಗಳೂ ಓಡುತ್ತವೆ. ತಿರುವು ದಾಟುವವರೆಗೆ ಶಾಲೆಯೇ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಚಾಲಕರು ನಂಬಬೇಕಾದದ್ದು ಫಲಕವನ್ನು.

1. ಫಲಕ ಗುರುತಿಸಿ
ಕೆಂಪು ಅಂಚಿನ ತ್ರಿಕೋನದೊಳಗೆ ಮಕ್ಕಳ ಚಿತ್ರವಿದ್ದರೆ ಮುಂದೆ ಶಾಲೆ ಇದೆ ಎಂದರ್ಥ. ಪಟ್ಟೆಗಳ ಮೇಲೆ ಒಬ್ಬರೇ ನಡೆಯುವ ಚಿತ್ರ ಪಾದಚಾರಿಗಳು ದಾಟುವ ಜಾಗದ್ದು. ತ್ರಿಕೋನ ಎಚ್ಚರಿಸುತ್ತದೆ, ಕೆಂಪು ವೃತ್ತದೊಳಗಿನ ಅಂಕಿ ವೇಗದ ಮಿತಿ, ಅದನ್ನು ಮೀರುವಂತಿಲ್ಲ.

2. ಫಲಕದ ಬಳಿಯೇ ನಿಧಾನಿಸಿ
ಗಂಟೆಗೆ 50 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಮಗುವನ್ನು ಕಂಡು ಬ್ರೇಕಿಗೆ ಕಾಲು ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. 25ಕ್ಕೆ ಇಳಿಸಿದರೆ ಅದು 7 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಗೇರ್ ಇಳಿಸಿ. ನ್ಯೂಟ್ರಲ್ ಬೇಡವೇ ಬೇಡ.

3. ಜೀಬ್ರಾ ಪಟ್ಟೆಗೆ ಮೊದಲೇ ನಿಲ್ಲಿ
ಸಿಗ್ನಲ್ ಇಲ್ಲದ ಕಡೆಯೂ ದಾಟುವವರಿಗೆ ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ಹಾರ್ನ್ ಹೊಡೆದು ಅವಸರ ಮಾಡಬೇಡಿ. ಬೆದರಿದ ಮಗು ಎತ್ತ ಓಡುವುದೋ ಹೇಳಲಾಗದು.

4. ನಿಂತ ಬಸ್ಸನ್ನು ಹಿಂದಿಕ್ಕಬೇಡಿ
ಇಳಿದ ಮಕ್ಕಳು ಬಸ್ಸಿನ ಮುಂದಿನಿಂದಲೋ ಹಿಂದಿನಿಂದಲೋ ಥಟ್ಟನೆ ರಸ್ತೆಗೆ ಬರುತ್ತಾರೆ. ಬಸ್ ಹೊರಡಲಿ. ಎದುರಿನಿಂದ ಬರುವವರೂ ನಿಧಾನಿಸಬೇಕು.

5. ಮಳೆಗಾಲದಲ್ಲಿ ಇನ್ನಷ್ಟು ಎಚ್ಚರ
ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೆ. ಗಾಳಿಗೆ ಎದುರಾಗಿ ಕೊಡೆಯನ್ನು ಮುಖದ ಮುಂದೆ ವಾಲಿಸಿ ಹಿಡಿದ ಮಗುವಿಗೆ ಎದುರಿನ ವಾಹನ ಕಾಣುವುದಿಲ್ಲ. ಕೊಡೆಯ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಎಂಜಿನ್ ಸದ್ದೂ ಕೇಳುವುದಿಲ್ಲ. ಆ ಮಗು ನಿಮ್ಮನ್ನು ನೋಡಿಲ್ಲ ಎಂದುಕೊಂಡೇ ಓಡಿಸಿ. ಮಂಜು ಕವಿದಾಗ ಹೆಡ್‌ಲೈಟ್ ಡಿಮ್‌ನಲ್ಲಿರಲಿ.

6. ಫಲಕ ಮರೆಯಾಗಿದ್ದರೆ ತಿಳಿಸಿ
ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿ, ಪೊದೆ ಬೆಳೆದು ಫಲಕಗಳು ಮುಚ್ಚಿಹೋಗುತ್ತವೆ. ಕಂಡವರು ಗ್ರಾಮ ಪಂಚಾಯಿತಿಗೋ ಲೋಕೋಪಯೋಗಿ ಇಲಾಖೆಗೋ ತಿಳಿಸಿ. ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಿ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಕ್ಷಣೆ ಕೊಟ್ಟಿದೆ, ಹಿಂಜರಿಯಬೇಡಿ.

ಒಳರಸ್ತೆಗಳಲ್ಲಿ ಫಲಕವೇ ಇಲ್ಲದ ಶಾಲೆಗಳೂ ಇರುತ್ತವೆ. ಅಲ್ಲಿ ಸಮವಸ್ತ್ರ ತೊಟ್ಟ ಒಂದೇ ಒಂದು ಮಗು ಕಂಡರೂ ಬ್ರೇಕಿನ ಮೇಲೆ ಕಾಲಿಡಿ. ಅದರ ಹಿಂದೆಯೇ ಇನ್ನೂ ಮಕ್ಕಳು ಬರುತ್ತಿರಬಹುದು.