ಬಾಲ್ಕನಿಯ ಗಿಡ ಮತ್ತು ನೆರೆಮನೆಯ ಹಕ್ಕು

ಅಂಗಳವಿಲ್ಲವೆಂದು ಕೊರಗಬೇಡಿ. ತಳದಲ್ಲಿ ತೂತುಗಳಿರುವ, ಗೇಣುದ್ದ ಆಳದ ಕುಂಡ ಸಾಕು. ಕೊತ್ತಂಬರಿ ಬೀಜವನ್ನು ಮೆಲ್ಲನೆ ಎರಡಾಗಿ ಒಡೆದು ಬಿತ್ತಿರಿ. ಅಡುಗೆಗೆ ತಂದ ಪುದೀನದ ಕಡ್ಡಿಯನ್ನು ನೀರಲ್ಲಿಟ್ಟು, ಬೇರು ಬಿಟ್ಟ ಮೇಲೆ ನೆಡಿರಿ. ಮೆಂತ್ಯ ಸೊಪ್ಪು 3-4 ವಾರಗಳಲ್ಲಿ ಕೈಗೆ ಬರುತ್ತದೆ. ದಿನಕ್ಕೆ 5-6 ಗಂಟೆ ಬಿಸಿಲು ಬಿದ್ದರೆ ಹಸಿಮೆಣಸೂ ಬೆಳೆಯುತ್ತದೆ.

ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ನಿಮ್ಮ ಕುಂಡದ ಕೆಸರುನೀರು ಕೆಳಮನೆಯವರು ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿದ್ದರೆ? ನೆರೆಯವರನ್ನು ನೋಯಿಸಿ ಗಳಿಸುವ ಪುಣ್ಯವಾದರೂ ಯಾವುದು? ಕುಂಡದಡಿ ತಟ್ಟೆಯಿಡಿ. ಅದರಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಹುಟ್ಟುತ್ತದೆ. ಎರಡು ದಿನಕ್ಕೊಮ್ಮೆ ಚೆಲ್ಲಿರಿ.

ಮೊದಲ ಹಿಡಿ ಸೊಪ್ಪನ್ನು ಕೆಳಮನೆಗೆ ಕಳುಹಿಸಿರಿ, ಅವರು ಯಾವ ಧರ್ಮದವರಾದರೂ ಸರಿ.