ಬ್ರೆಡ್ಡಿನ ಯೀಸ್ಟು, ಬಾಯಿಯ ಯೀಸ್ಟು

ಪ್ರಶ್ನೆ: ನ್ಯುಮೋನಿಯಾಕ್ಕೆ ಆಂಟಿಬಯೋಟಿಕ್ ಕೊಟ್ಟ ಮೇಲೆ ಮೊಮ್ಮಗನ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತು. ಡಾಕ್ಟರು ಯೀಸ್ಟ್ ಸೋಂಕು ಎಂದರು. ಬ್ರೆಡ್ ಉಬ್ಬಿಸುವುದೂ ಯೀಸ್ಟೇ ಅಲ್ಲವೇ? ಇದೇಕೆ ರೋಗ ತರುತ್ತದೆ? ಜೀನ್‌ಗಳ ವ್ಯತ್ಯಾಸವೇ?
(ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಹೆಸರು ಒಂದೇ ಆದಾಗ ಗೊಂದಲ ಸಹಜ. ಯೀಸ್ಟ್ ಎಂಬುದು ಒಂದೇ ಜೀವಿಯ ಹೆಸರಲ್ಲ. ಒಂಟಿ ಕೋಶವಾಗಿ ಬೆಳೆಯುವ ಹಲವು ಶಿಲೀಂಧ್ರಗಳನ್ನು ಹಾಗೆ ಕರೆಯುತ್ತಾರೆ. ಬ್ರೆಡ್ಡಿನದು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಬಾಯಿಯದು ಸಾಮಾನ್ಯವಾಗಿ ಕ್ಯಾಂಡಿಡಾ ಅಲ್ಬಿಕಾನ್ಸ್. ಎರಡರಲ್ಲೂ ಸುಮಾರು 6,000 ಜೀನ್‌ಗಳಿವೆ. ಹಾಗಾಗಿ ಎಣಿಕೆ ಬಿಟ್ಟು, ಯಾವ ಜೀನು ಏನು ಮಾಡುತ್ತದೆ ಎಂದು ನೋಡಬೇಕು.

ಹುಬ್ಬಳ್ಳಿಯ ಕಿಮ್ಸ್‌ನಂಥ ದೊಡ್ಡ ಆಸ್ಪತ್ರೆಗಳ ಲ್ಯಾಬಿನವರಿಗೆ ಚೆನ್ನಾಗಿ ಗೊತ್ತಿರುವ ಸರಳ ಪರೀಕ್ಷೆಯೊಂದಿದೆ. ಚೂರೇ ಚೂರು ಯೀಸ್ಟನ್ನು ಸೀರಮ್‌ನಲ್ಲಿ ಕದಡಿ, 37 ಡಿಗ್ರಿ ಶಾಖದಲ್ಲಿ ಎರಡು-ಮೂರು ಗಂಟೆ ಇಟ್ಟು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಬಿಕಾನ್ಸ್ ಆಗಿದ್ದರೆ ದುಂಡನೆಯ ಕೋಶದಿಂದ, ನೆನೆಹಾಕಿ ಕಟ್ಟಿಟ್ಟ ಮಡಿಕೆಕಾಳು ಮೊಳೆತಂತೆ, ಸಣ್ಣ ಕೊಳವೆ ಹೊರಟಿರುತ್ತದೆ. ಬ್ರೆಡ್ಡಿನ ಯೀಸ್ಟು ಹೀಗೆ ಮೊಳೆಯುವುದಿಲ್ಲ.

ಈ ಮೊಳಕೆಯೇ ಉದ್ದನೆಯ ಎಳೆಯಾಗಿ ಬಾಯಿಯ ಒಳಪದರಕ್ಕೆ ನುಗ್ಗುವುದು. ಎಳೆಯಾಗಲು ಅಪ್ಪಣೆ ಕೊಡುವ ಜೀನ್‌ಗಳಲ್ಲಿ ಇಎಫ್‌ಜಿ1, ಸಿಪಿಎಚ್1 ಮುಖ್ಯವಾದವು. ಇವೆರಡನ್ನೂ ಕೆಡಿಸಿದ ಕ್ಯಾಂಡಿಡಾ ಚೆನ್ನಾಗಿಯೇ ಬೆಳೆದರೂ ಇಲಿಗಳಲ್ಲಿ ರೋಗ ತರಲಾರದೆ ಹೋದದ್ದು 1997ರಲ್ಲಿ ಕಂಡುಬಂತು. ಎಳೆಯನ್ನು ನಮ್ಮ ಕೋಶಕ್ಕೆ ಅಂಟಿಸುವ ಜೀನು ಎಎಲ್‌ಎಸ್3. ನನಗೆ ಎಲ್ಲಕ್ಕಿಂತ ಬೆರಗು ತಂದದ್ದು ಇಸಿಇ1. ಅದರಿಂದ ಕ್ಯಾಂಡಿಡಾಲೈಸಿನ್ ಎಂಬ ವಿಷ ತಯಾರಾಗಿ ನಮ್ಮ ಕೋಶದ ಪೊರೆಯನ್ನು ತೂತು ಮಾಡುತ್ತದೆಂದು 2016ರಲ್ಲಷ್ಟೇ ತಿಳಿಯಿತು. ಆ ಒಂದು ಜೀನನ್ನು ತೆಗೆದರೆ ಎಳೆ ಬೆಳೆಯುತ್ತದೆ, ಒಳಗೂ ಇಳಿಯುತ್ತದೆ, ಕೋಶಕ್ಕೆ ಮಾತ್ರ ಪೆಟ್ಟಾಗುವುದಿಲ್ಲ!

ಇಲ್ಲೊಂದು ತಪ್ಪು ತಿಳಿವಳಿಕೆ ಆಗಬಹುದು. ಜೀನ್ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಇದೇ ಕ್ಯಾಂಡಿಡಾ ಆರೋಗ್ಯವಂತರಾದ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ತೊಂದರೆ ಕೊಡದೆ ಇರುತ್ತದೆ. ಅಕ್ಕಪಕ್ಕದ ಬ್ಯಾಕ್ಟೀರಿಯಾಗಳೂ ನಮ್ಮ ರೋಗನಿರೋಧಕ ಶಕ್ತಿಯೂ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಯೀಸ್ಟನ್ನಲ್ಲ. ಜಾಗ ಖಾಲಿಯಾದಾಗ ಕ್ಯಾಂಡಿಡಾ ಹಬ್ಬುತ್ತದೆ. ಹಾಗೆಂದು ನ್ಯುಮೋನಿಯಾಕ್ಕೆ ಆ ಔಷಧ ಕೊಟ್ಟದ್ದು ತಪ್ಪೆಂದು ತಿಳಿಯಬೇಡಿ. ಅದು ಬೇಕೇ ಇತ್ತು.

ಇನ್ನು ಬ್ರೆಡ್ಡು: ಅದರ ಯೀಸ್ಟು ಬೇಕರಿಯ ಒಲೆಯಲ್ಲೇ ಸತ್ತಿರುತ್ತದೆ. ಮೊಮ್ಮಗನಿಗೆ ಧಾರಾಳವಾಗಿ ಕೊಡಿ. ಬಾಯಿಗೆ ಹಚ್ಚುವ ಔಷಧವನ್ನು ಮಾತ್ರ, ಬಿಳಿ ಪದರ ಹೋಯಿತೆಂದು ನಡುವೆ ಬಿಡದೆ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿ.