ಕೊಡಗಿನ ಕ್ರೈಸ್ತ ಸಭೆಗಳು: ಹಬ್ಬ, ನೆಲ ಮತ್ತು ಸಮುದಾಯ

1. ಪೀಠಿಕೆ

ಕೊಡಗಿನ ಸಮಾಜವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಒಕ್ಕ, ಐನ್‌ಮನೆ, ಮಂದ್ ಮತ್ತು ಜಮ್ಮಾ ಭೂಮಿ ಎಂಬ ನಾಲ್ಕು ನೆಲೆಗಳ ಸುತ್ತ ಬೆಳೆದು ಬಂದಿವೆ. ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡಗಿನ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವು ಈ ಚೌಕಟ್ಟಿಗೆ ಶಾಸ್ತ್ರೀಯ ರೂಪವನ್ನು ಕೊಟ್ಟಿತು. ಒಬ್ಬ ಪೂರ್ವಿಕನಿಂದ ಬಂದವರ ಕುಲ ಒಕ್ಕ. ಆ ಕುಲದ ಮೂಲ ಮನೆ ಐನ್‌ಮನೆ. ಊರಿನವರು ಕೂಡಿ ಹಬ್ಬವಾಡುವ ಬಯಲು ಮಂದ್. ವಂಶಪಾರಂಪರ್ಯವಾಗಿ ಉಳಿಯುವ ಹಿಡುವಳಿ ಜಮ್ಮಾ. ಹಬ್ಬವೆಂಬುದು ಈ ನಾಲ್ಕನ್ನೂ ವರ್ಷಕ್ಕೊಮ್ಮೆ ಒಂದೆಡೆ ತರುವ ಕ್ರಿಯೆ.

ಹೀಗಿರುವಾಗ ಒಕ್ಕವಿಲ್ಲದ, ಐನ್‌ಮನೆಯಿಲ್ಲದ, ಜಮ್ಮಾ ಭೂಮಿಯ ಹಕ್ಕಿಲ್ಲದ ಜನರು ಕೊಡಗಿನಲ್ಲಿ ಸಮುದಾಯವಾಗಿ ಬಾಳಿದ ಬಗೆ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಕ್ರೈಸ್ತ ಸಭೆಗಳ ಚರಿತ್ರೆ ಒಂದು ಮುಖ್ಯ ಆಕರ. ಸೆರೆಯಿಂದ ತಪ್ಪಿಸಿಕೊಂಡು ಬಂದವರು, ಜೀತದಿಂದ ಬಿಡುಗಡೆ ಹೊಂದಿದವರು, ಕಾಫಿ ತೋಟದ ಕೂಲಿಗೆ ಬಂದವರು ಈ ಸಭೆಗಳಲ್ಲಿ ಸೇರಿದ್ದಾರೆ. ಅವರ ಪಾಲಿಗೆ ಸಭೆಯ ಹಬ್ಬವು ಕೇವಲ ಆರಾಧನೆಯ ಸಂದರ್ಭವಾಗಿರಲಿಲ್ಲ; ಒಕ್ಕ ಮತ್ತು ಊರು ಇತರರಿಗೆ ಒದಗಿಸುತ್ತಿದ್ದ ನಂಟು, ಸಹಭೋಜನ, ಕಾಲಗಣನೆ ಮತ್ತು ಮೃತರ ನೆಲವನ್ನು ಅದು ಒದಗಿಸಿತು. ವಿರಾಜಪೇಟೆ ಮತ್ತು ಆನಂದಪುರದ ಸಭೆಗಳನ್ನು ಮುಖ್ಯ ನಿದರ್ಶನಗಳಾಗಿ ಇರಿಸಿಕೊಂಡು ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ವಿರಾಜಪೇಟೆ: ಆಶ್ರಯದಿಂದ ಹುಟ್ಟಿದ ಸಭೆ

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕೊಂಕಣಿ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಘಟ್ಟವನ್ನು ಹತ್ತಿ ಸಾಗಿದ ಆ ಪಯಣದಲ್ಲಿಯೂ ಅನಂತರದ ಸೆರೆವಾಸದಲ್ಲಿಯೂ ಬಹುಸಂಖ್ಯೆಯ ಜನರು ಮಡಿದರು. ಇದೇ ದಶಕದಲ್ಲಿ ಕೊಡವರೂ ಸಾವಿರಾರು ಸಂಖ್ಯೆಯಲ್ಲಿ ಸೆರೆಯಾಗಿ ಅದೇ ಶ್ರೀರಂಗಪಟ್ಟಣವನ್ನು ಸೇರಿದ್ದರು. ಮಡಿಕೇರಿಯ ಅರಸ ದೊಡ್ಡ ವೀರರಾಜೇಂದ್ರನು ಸ್ವತಃ ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವನು. ಆದುದರಿಂದ ತನ್ನ ಸೀಮೆಗೆ ಓಡಿಬಂದ ಕ್ಯಾಥೊಲಿಕ್ ಕುಟುಂಬಗಳಿಗೆ ಅರಸನು ಆಶ್ರಯವಿತ್ತ ಸಂಗತಿಯನ್ನು ಕೇವಲ ರಾಜೌದಾರ್ಯವೆಂದು ಕಾಣದೆ, ಸಮಾನ ದುಃಖದ ಹಿನ್ನೆಲೆಯಲ್ಲಿಯೂ ಗ್ರಹಿಸಬೇಕಾಗುತ್ತದೆ.

1792ರಲ್ಲಿ ವೀರರಾಜೇಂದ್ರನು ತನ್ನ ಹೆಸರಿನಲ್ಲಿ ವಿರಾಜಪೇಟೆಯನ್ನು ಕಟ್ಟಿಸಿದನು. ಅಲ್ಲಿ ಕ್ಯಾಥೊಲಿಕರಿಗೆ ಅರಸನಿಂದ ನೆಲ ದೊರೆಯಿತು. ಸಂತ ಅನ್ನಮ್ಮನವರ ದೇವಾಲಯವು ಆ ವರ್ಷದಿಂದ ತನ್ನ ಚರಿತ್ರೆಯನ್ನು ಎಣಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೊಡಗಿನ ಹಳ್ಳಿಯಲ್ಲಿ ನೆಲದ ಹಕ್ಕು ಒಕ್ಕದ ಮೂಲಕವೇ ಸಲ್ಲುತ್ತಿತ್ತು. ಹೊರಗಿನಿಂದ ಬಂದ ಈ ಜನರಿಗೆ ಮಾತ್ರ ಪೇಟೆಯ ನೆಲ ದೊರೆತು, ಅವರೆಲ್ಲರ ಒಡೆತನದ ಗುರುತಾಗಿ ದೇವಾಲಯ ನಿಂತಿತು. ಐನ್‌ಮನೆಯು ಒಕ್ಕಕ್ಕೆ ಹೇಗೋ ಹಾಗೆ ದೇವಾಲಯವು ಧರ್ಮಕೇಂದ್ರದ ಕುಟುಂಬಗಳಿಗೆ ಮೂಲ ಮನೆಯಾಯಿತು.

3. ಎರಡು ಪಂಚಾಂಗಗಳು: ತೆನೆ ಹಬ್ಬ ಮತ್ತು ಪುತ್ತರಿ

ಕೊಂಕಣಿ ಕ್ಯಾಥೊಲಿಕರ ಹಬ್ಬಗಳಲ್ಲಿ ಸೆಪ್ಟೆಂಬರ್ 8ರ ಕನ್ಯಾ ಮರಿಯಮ್ಮನವರ ಜನ್ಮದಿನಕ್ಕೆ ವಿಶೇಷ ಸ್ಥಾನವಿದೆ. 'ಮೊಂತಿ ಫೆಸ್ತ್' ಎಂದೂ 'ತೆನೆ ಹಬ್ಬ'ವೆಂದೂ ಕರೆಯುವ ಈ ಹಬ್ಬಕ್ಕೆ ಮುನ್ನ ಒಂಬತ್ತು ದಿನ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ದಿನವೂ ಹೂ ತಂದು ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಧರ್ಮಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಹಂಚುತ್ತಾರೆ. ಮನೆಯಲ್ಲಿ ಹಿರಿಯರು ಆ ತೆನೆಯ ಕಾಳುಗಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅಂದಿನ ಊಟ ಸಸ್ಯಾಹಾರದ್ದು. ಬಾಳೆಯೆಲೆಯಲ್ಲಿ ಬಡಿಸುವ ಪದಾರ್ಥಗಳ ಸಂಖ್ಯೆ ಬೆಸವಾಗಿರುವುದು ವಾಡಿಕೆ.

ಈ ಹಬ್ಬದ ಕಾಲ ಕರಾವಳಿಯ ಬೇಸಾಯಕ್ಕೆ ಹೊಂದಿದೆ. ಅಲ್ಲಿ ಮುಂಗಾರಿನ ಭತ್ತ ಸೆಪ್ಟೆಂಬರ್ ವೇಳೆಗೆ ತೆನೆ ಬಿಟ್ಟಿರುತ್ತದೆ. ಕೊಡಗಿನ ಗದ್ದೆಗಳ ಕ್ರಮ ಬೇರೆ. ಜುಲೈ, ಆಗಸ್ಟ್ ತಿಂಗಳುಗಳ ಮಳೆಯಲ್ಲಿ ನಾಟಿ ಮುಗಿದು, ಸೆಪ್ಟೆಂಬರ್ 3ರ ಸುಮಾರಿಗೆ ಕೊಡವರು ಕೈಲ್ ಪೊಳ್ದ್ ಆಚರಿಸುವಾಗ ಪೈರು ಇನ್ನೂ ಹಸುರಾಗಿರುತ್ತದೆ. ಹೊಸ ಅಕ್ಕಿಯ ಹಬ್ಬವಾದ ಪುತ್ತರಿ ಬರುವುದು ನವೆಂಬರ್ ಅಂತ್ಯ ಅಥವಾ ಡಿಸೆಂಬರಿನಲ್ಲಿ. ಕಕ್ಕಬೆ ಬಳಿಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಅದರ ಮುಹೂರ್ತ ನಿಶ್ಚಯವಾಗುತ್ತದೆ. ಒಕ್ಕದವರು ರಾತ್ರಿ ಗದ್ದೆಗೆ ನಡೆದು ಕದಿರು ಕೊಯ್ದು, ಕೋವಿ ಹಾರಿಸಿ, 'ಪೊಲಿ' ಎಂದು ಕೂಗುತ್ತ ಮನೆ ತುಂಬಿಸಿಕೊಳ್ಳುತ್ತಾರೆ.

ಎರಡೂ ಹಬ್ಬಗಳ ರಚನೆ ಒಂದೇ: ಮೊದಲ ತೆನೆ, ಹಿರಿಯರ ಕೈ, ಒಟ್ಟಾಗಿ ಉಣ್ಣುವ ಮನೆ. ಆದರೆ ಅವುಗಳ ನಡುವೆ ಸುಮಾರು ಮೂರು ತಿಂಗಳ ಅಂತರವಿದೆ. ಸೆಪ್ಟೆಂಬರಿನಲ್ಲಿ ಕೊಡಗಿನ ಗದ್ದೆ ಕೊಡಲಾರದ ತೆನೆಯನ್ನು ತೆನೆ ಹಬ್ಬ ಬೇಡುತ್ತದೆ. ಅಂದರೆ ಈ ಹಬ್ಬವು ಕೊಡಗಿನ ನೆಲವನ್ನಲ್ಲ, ಪೂರ್ವಿಕರು ಬಿಟ್ಟುಬಂದ ಕರಾವಳಿಯ ಗದ್ದೆಯನ್ನು ನೆನೆಯುತ್ತದೆ. ಸೆರೆಯಲ್ಲಿ ಮನೆಮಠ ಕಳೆದುಕೊಂಡವರ ಸಂತತಿಯು ಪಂಚಾಂಗದಲ್ಲಿ ಮಾತ್ರ ತನ್ನ ಹಳೆಯ ಊರನ್ನು ಉಳಿಸಿಕೊಂಡಿತೆನ್ನಬಹುದು.

ಎಲ್ಲ ಹಬ್ಬಗಳೂ ಹೀಗೆ ಹಳೆಯ ಕಾಲಕ್ಕೆ ಅಂಟಿಕೊಳ್ಳಲಾರವು. ಸಂತ ಅನ್ನಮ್ಮನವರ ಸ್ಮರಣೆಯ ದಿನ ಜುಲೈ 26. ಅದು ಕೊಡಗಿನಲ್ಲಿ ಮಳೆ ಅತ್ಯಂತ ಬಿರುಸಾಗಿರುವ ಕಾಲ. ತೇರು, ಬೀದಿ ಮೆರವಣಿಗೆ, ಬಯಲಿನ ಬಲಿಪೂಜೆ ಇವು ಮಳೆ ನಿಂತ ತಿಂಗಳುಗಳಲ್ಲಿ ಮಾತ್ರ ಸಾಧ್ಯ. ಬಲಿಪೂಜೆಯ ಭಾಷೆಯೂ ಕಾಲಕ್ರಮದಲ್ಲಿ ಬದಲಾಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲ್ಯಾಟಿನ್ ಭಾಷೆಯ ಸ್ಥಾನಕ್ಕೆ ದೇಶಭಾಷೆಗಳು ಬಂದವು. ಕೊಂಕಣಿ, ತಮಿಳು, ಮಲಯಾಳ ಮನೆಮಾತಿನವರು ಬೆರೆತಿರುವ ಕೊಡಗಿನಲ್ಲಿ ಎಲ್ಲರಿಗೂ ಸಮಾನವಾದ ಭಾಷೆಯಾಗುವ ಅವಕಾಶ ಕನ್ನಡಕ್ಕೆ ಒದಗಿತು. ನೆನಪಿನ ಪಂಚಾಂಗ ಮನೆಯಲ್ಲಿ, ನೆಲದ ಪಂಚಾಂಗ ಬೀದಿಯಲ್ಲಿ ಎಂಬ ಒಂದು ಹಂಚಿಕೆ ಇಲ್ಲಿ ಕಂಡುಬರುತ್ತದೆ.

4. ಆನಂದಪುರ: ಕೊಡುವವರಾದ ಆಳುಗಳು

ಎರಡನೆಯ ನಿದರ್ಶನದ ಚರಿತ್ರೆ ಬೇರೆಯದು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅಂದಿನ ದಾಖಲೆಗಳು ಹೊಲೆಯರೆಂದು ಹೆಸರಿಸುವ ದಲಿತ ಸಮುದಾಯದವರಲ್ಲಿ ಅನೇಕರು ಜಮ್ಮಾ ಭೂಮಿಗೆ ಅಂಟಿದ ಆಳುಗಳಾಗಿದ್ದರು. ನೆಲದೊಡನೆ ಅವರ ದುಡಿಮೆಯೂ ಒಡೆಯನಿಗೆ ಸೇರಿತ್ತು. 1843ರ ಐದನೆಯ ಅಧಿನಿಯಮವು ಜೀತಕ್ಕೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿದರೂ, ಬಿಡುಗಡೆಯಾದವರಿಗೆ ಸ್ವಂತ ನೆಲವಿರಲಿಲ್ಲ.

ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಈ ಸಂದರ್ಭದಲ್ಲಿ ಕೊಡಗಿಗೆ ಬಂದನು. 1836ರಲ್ಲಿ ಭಾರತಕ್ಕೆ ಬಂದು, 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವನು ಈತನೇ. ಸೋಮಯ್ಯ ಎಂಬ ಕೊಡವರು ಕ್ರೈಸ್ತದೀಕ್ಷೆ ಪಡೆದು ಸ್ತೆಫಾನ ಎನಿಸಿದ ಬಳಿಕ, 1853ರಿಂದ ಮೋಗ್ಲಿಂಗ್ ಕೊಡಗನ್ನು ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡನು. ಆದರೆ ಕೊಡವರ ನಡುವೆ ಅವನ ನಿರೀಕ್ಷೆ ಕೈಗೂಡಲಿಲ್ಲ. ಒಕ್ಕವನ್ನು ತೊರೆದವನು ನೆಲವನ್ನೂ ಪೂರ್ವಿಕರನ್ನೂ ಒಟ್ಟಿಗೆ ತೊರೆಯಬೇಕಾಗುತ್ತಿತ್ತು. ಸಭೆಗೆ ಬಂದವರು ಹೆಚ್ಚಾಗಿ ತೊರೆಯಲು ನೆಲವೇ ಇಲ್ಲದವರು. 1850ರ ದಶಕದ ಉತ್ತರಾರ್ಧದಲ್ಲಿ ಸಿದ್ದಾಪುರದ ಸಮೀಪ ಆನಂದಪುರವೆಂಬ ಹೊಸ ಊರನ್ನು ಇವರಿಗಾಗಿ ಕಟ್ಟಲಾಯಿತು; ಅಲ್ಲಿ ಕಾಫಿ ಬೇಸಾಯವೂ ಆರಂಭವಾಯಿತು. ಮೋಗ್ಲಿಂಗ್ 1860ರಲ್ಲಿ ಸ್ವದೇಶಕ್ಕೆ ಮರಳಿದನು. ಊರು ಮತ್ತು ಸಭೆ ಉಳಿದವು.

ಬಾಸೆಲ್ ಮಿಶನ್ನಿನ ಸಭಾಕ್ರಮ ಕಟ್ಟುನಿಟ್ಟಾದುದು. ಸಭೆಯವರು ಹಳೆಯ ದೈವಗಳ ಉತ್ಸವಗಳಿಂದ ದೂರವಿರಬೇಕಾಗಿತ್ತು; ಮದ್ಯಪಾನಕ್ಕೆ ತಡೆಯಿತ್ತು. ಈ ಶಿಸ್ತಿನಲ್ಲಿ ಹಿರಿತನದ ಧೋರಣೆ ಇದ್ದುದನ್ನು ಅಲ್ಲಗಳೆಯಲಾಗದು: ಒಡೆಯನ ಸ್ಥಾನದಲ್ಲಿ ಮಿಶನರಿ ನಿಂತನೆಂಬ ಟೀಕೆಗೆ ಆಧಾರವಿದೆ. ಹಳೆಯ ಹಬ್ಬಗಳೊಂದಿಗೆ ವಾದ್ಯ, ಕುಣಿತ, ಹಾಡುಗಳ ಒಂದು ಪರಂಪರೆಯೂ ಕೈಬಿಟ್ಟುಹೋಯಿತು. ಜರ್ಮನ್ ಧಾಟಿಗಳಿಗೆ ಹೊಂದಿಸಿದ ಕನ್ನಡ ಸಂಗೀತಗಳು ಅವುಗಳ ಜಾಗಕ್ಕೆ ಬಂದವು. ಆದರೂ ಹೊಸ ಹಬ್ಬದಲ್ಲಿ ಈ ಜನರ ಸ್ಥಾನ ಬದಲಾದುದು ಚರಿತ್ರೆಯ ಮಹತ್ವದ ಸಂಗತಿ.

ಬೆಳೆ ಹಬ್ಬವನ್ನು ಈ ದೃಷ್ಟಿಯಿಂದ ನೋಡಬೇಕು. ಬಾಸೆಲ್ ಪರಂಪರೆಯ ಸಭೆಗಳು ಇಂದು ದಕ್ಷಿಣ ಭಾರತ ಸಭೆಯ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ. ದಕ್ಷಿಣ ಭಾರತ ಸಭೆ ರೂಪುಗೊಂಡುದು 1947ರ ಸೆಪ್ಟೆಂಬರ್ 27ರಂದು. ಈ ಪರಂಪರೆಯ ಬೆಳೆ ಹಬ್ಬದಲ್ಲಿ ಪ್ರತಿ ಮನೆಯವರೂ ತಮ್ಮ ದುಡಿಮೆಯ ಫಲವನ್ನು ದೇವಾಲಯಕ್ಕೆ ತರುತ್ತಾರೆ. ಬಾಳೆಗೊನೆ, ತೆಂಗಿನಕಾಯಿ, ಅಕ್ಕಿ, ತರಕಾರಿ, ಕೋಳಿ, ಮೊಟ್ಟೆ, ಮನೆಯಲ್ಲಿ ಮಾಡಿದ ತಿಂಡಿ, ಮಲೆನಾಡಿನಲ್ಲಾದರೆ ಕಾಫಿ, ಮೆಣಸು, ಕಿತ್ತಳೆ ಎಲ್ಲವೂ ಕಾಣಿಕೆಯಾಗಬಲ್ಲವು. ಆರಾಧನೆ ಮುಗಿದ ಮೇಲೆ ಇವುಗಳ ಏಲಂ ನಡೆಯುತ್ತದೆ. ಅತ್ಯಲ್ಪ ಬೆಲೆಯ ವಸ್ತುವೂ ಸವಾಲಿನ ಕೂಗಿನಲ್ಲಿ ಹಲವು ಪಟ್ಟು ಬೆಲೆಗೆ ಏರುವುದು ಇಲ್ಲಿ ಸಾಮಾನ್ಯ. ಕೊಂಡವನು ಅದನ್ನು ಮರಳಿ ಸಭೆಗೇ ಕೊಟ್ಟು ಮತ್ತೆ ಏಲಂ ಮಾಡಿಸುವುದೂ ಉಂಟು. ಪೇಟೆಯ ಲೆಕ್ಕಕ್ಕೆ ಒಗ್ಗದ ಈ ವ್ಯವಹಾರದ ಉದ್ದೇಶ ಲಾಭವಲ್ಲ, ತಂದವರ ಕಾಣಿಕೆಗೆ ಸಭೆಯ ಎದುರಿನಲ್ಲಿ ಮರ್ಯಾದೆ ಸಲ್ಲಿಸುವುದು.

ಹಳೆಯ ವ್ಯವಸ್ಥೆಯ ಸುಗ್ಗಿಯಲ್ಲಿ ಆಳುಗಳಿಗೂ ಪಾಲಿತ್ತು; ಆದರೆ ಅದು ಒಡೆಯನ ಕೈಯಿಂದ ಬರುವ ಪಾಲು. ಬೆಳೆದವರು ಅವರೇ ಆದರೂ ಕೊಡುವ ಅಧಿಕಾರ ಅವರಿಗಿರಲಿಲ್ಲ. ಸಭೆಯ ಬೆಳೆ ಹಬ್ಬದಲ್ಲಿ ಅದೇ ಜನರ ಸಂತತಿ ಕೊಡುವವರಾಗಿ ನಿಂತಿತು. ತನ್ನದೆಂದು ಹೇಳಿಕೊಳ್ಳಲು ಏನಾದರೂ ಇರುವವನು ಮಾತ್ರ ಕಾಣಿಕೆ ಕೊಡಬಲ್ಲ. ಆ ಅರ್ಥದಲ್ಲಿ ಒಂದು ಕೋಳಿ ಅಥವಾ ಒಂದು ಗೊನೆಯ ಕಾಣಿಕೆಯು ಸ್ವಾತಂತ್ರ್ಯದ ಘೋಷಣೆಯೂ ಹೌದು.

5. ಕಾಫಿ ಕೊಯ್ಲಿನ ನಡುವೆ ಕ್ರಿಸ್‌ಮಸ್

1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿ ತೋಟವನ್ನು ತೆರೆದ ಮೇಲೆ ಕೊಡಗಿನ ಜನಸಂಯೋಜನೆ ಬದಲಾಯಿತು. ಮೈಸೂರು ಸೀಮೆ, ತಮಿಳುನಾಡು ಮತ್ತು ಕೇರಳಗಳಿಂದ ಬಂದ ಕೂಲಿಕಾರರಲ್ಲಿ ಕ್ರೈಸ್ತರೂ ಇದ್ದರು. ತೋಟದ ಲೈನು ಮನೆಗಳಲ್ಲಿ ನೆಲೆಸಿದ ಇವರಿಗೆ ಮನೆ ತೋಟದೊಡೆಯನದು; ಕೆಲಸ ಹೋದರೆ ಮನೆಯೂ ಹೋಯಿತು.

ಕೊಡಗಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿಯವರೆಗೂ, ರೋಬಸ್ಟಾದ ಕೊಯ್ಲು ಅದರ ಬೆನ್ನಿಗೂ ಸಾಗುತ್ತದೆ. ಹೀಗಾಗಿ ಕ್ರಿಸ್‌ಮಸ್ ಬರುವುದು ಕೆಲಸವೂ ಕೂಲಿಯೂ ಹೆಚ್ಚಿರುವ ದಿನಗಳಲ್ಲಿ. ವರ್ಷದ ಹೊಸ ಬಟ್ಟೆ, ಮನೆಯ ದುರಸ್ತಿ, ನೆಂಟರ ಭೇಟಿ ಇವೆಲ್ಲ ಈ ಹಬ್ಬಕ್ಕೆ ಕೂಡಿಬರಲು ಇದೂ ಒಂದು ಕಾರಣ. ಹಬ್ಬಕ್ಕೆ ಮುನ್ನ ರಾತ್ರಿ ವೇಳೆ ಮನೆಮನೆಗೆ ಹೋಗಿ ಹಾಡುವ ತಂಡಗಳು, ಗೋದಲಿ, ನಕ್ಷತ್ರದೀಪ ಇವು ಎಲ್ಲ ಪಂಗಡಗಳಿಗೂ ಸಮಾನ. ಕೊಂಕಣಿ ಮನೆಗಳಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡಿ ನೆರೆಯ ಹಿಂದೂ, ಮುಸ್ಲಿಮ್ ಮನೆಗಳಿಗೂ ಕಳುಹಿಸುವ ರೂಢಿಯಿದೆ. ತಿಂಡಿಯ ತಟ್ಟೆ ಬರಿದಾಗಿ ಹಿಂದಿರುಗುವುದಿಲ್ಲ. ಅವರವರ ಹಬ್ಬದಲ್ಲಿ ಆ ಮನೆಗಳಿಂದಲೂ ತಟ್ಟೆ ಬರುತ್ತದೆ. ಲೈನು ಮನೆಯ ನಿವಾಸಿಯು ಹಾಡುವ ತಂಡವನ್ನು ಬರಮಾಡಿಕೊಂಡು ಸತ್ಕರಿಸುವಾಗ, ಆ ಒಂದು ರಾತ್ರಿಯಾದರೂ ಮನೆಯ ಯಜಮಾನನಾಗುತ್ತಾನೆ.

6. ಮೃತರ ನೆಲ

ಸಮುದಾಯಕ್ಕೆ ನೆಲದೊಡನೆ ಇರುವ ಕೊನೆಯ ಸಂಬಂಧ ಸಮಾಧಿಯದು. ಕೊಡವ ಒಕ್ಕಕ್ಕೆ ತನ್ನದೇ ಆದ ತೂಟಂಗಳವೆಂಬ ಸ್ಮಶಾನವಿದೆ. ಪೂರ್ವಿಕರಿಗೆ ಕೈಮಡದಲ್ಲಿ ಎಡೆ ಸಲ್ಲುತ್ತದೆ. ತೋಟದಲ್ಲಿ ದುಡಿಯುವ ಭೂರಹಿತರಿಗೆ ಮಣ್ಣು ಸೇರಲು ಜಾಗವೆಲ್ಲಿ ಎಂಬುದು ಜೀವಂತ ಪ್ರಶ್ನೆ. ಸಭೆಯ ಸ್ಮಶಾನ ಇದಕ್ಕೆ ಉತ್ತರ ಕೊಟ್ಟಿತು. ನವೆಂಬರ್ 2ರ ಮೃತರ ಸ್ಮರಣೆಯ ದಿನ ಕ್ಯಾಥೊಲಿಕ್ ಕುಟುಂಬಗಳು ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು ಮೇಣದಬತ್ತಿ ಹಚ್ಚುತ್ತವೆ. ತಲೆಮಾರುಗಳ ಹಿಂದೆ ಬರಿಗೈಯಲ್ಲಿ ಬಂದವರ ಮಕ್ಕಳಿಗೆ, ತಮ್ಮ ಹಿರಿಯರು ಇದೇ ಮಣ್ಣಿನಲ್ಲಿದ್ದಾರೆಂದು ತೋರಿಸಬಲ್ಲ ಜಾಗ ಅದೊಂದೇ ಆಗಿರುವುದುಂಟು.

7. ಸಮಾರೋಪ

ಮೇಲಿನ ವಿವೇಚನೆಗೆ ವಿರುದ್ಧ ದಿಕ್ಕಿನ ಒಂದು ನಿದರ್ಶನ ಮಡಿಕೇರಿಯ ಕೋಟೆಯೊಳಗಿದೆ. ಬ್ರಿಟಿಷ್ ಅಧಿಕಾರಿಗಳಿಗಾಗಿ, ವೀರಭದ್ರ ದೇವಾಲಯವಿದ್ದ ಜಾಗದಲ್ಲಿ ಕಟ್ಟಿದ ಸಂತ ಮಾರ್ಕನ ಚರ್ಚು ಗಾಥಿಕ್ ಶೈಲಿಯ ಸುಂದರ ಕಟ್ಟಡ. ಅಧಿಕಾರಿಗಳು ಹೊರಟುಹೋದ ಮೇಲೆ ಅಲ್ಲಿ ಹಬ್ಬ ಮಾಡುವವರು ಉಳಿಯಲಿಲ್ಲ. 1971ರಲ್ಲಿ ಅದು ಮುಚ್ಚಿ, ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಅರಸನ ಆಶ್ರಯದಲ್ಲಿ ಬೇರುಬಿಟ್ಟ ವಿರಾಜಪೇಟೆಯೂ, ಬಿಡುಗಡೆಯಾದ ಆಳುಗಳಿಗಾಗಿ ಕಟ್ಟಿದ ಆನಂದಪುರವೂ ಬಾಳಿದುವು. ಅಧಿಕಾರದ ಆಸರೆಯಲ್ಲಿ ನಿಂತ ಕೋಟೆಯ ಚರ್ಚು ಬಾಳಲಿಲ್ಲ.

ಆದುದರಿಂದ ಕೊಡಗಿನ ಹಬ್ಬಗಳ ಅಧ್ಯಯನವು ಒಕ್ಕ ಮತ್ತು ಮಂದ್‌ಗಳ ಆಚೆಗೂ ಚಾಚಿಕೊಳ್ಳಬೇಕಾಗಿದೆ. ನೆಲವಿದ್ದವರ ಹಬ್ಬವು ಇರುವ ಸಂಬಂಧವನ್ನು ಮತ್ತೆ ಮತ್ತೆ ದೃಢಪಡಿಸುತ್ತದೆ. ನೆಲವಿಲ್ಲದವರ ಹಬ್ಬವು ಇಲ್ಲದ ಸಂಬಂಧವನ್ನು ಕಟ್ಟುತ್ತದೆ. ತೋಟದ ಕೆಲಸಕ್ಕೆ ದೂರದ ರಾಜ್ಯಗಳಿಂದ ಹೊಸಬರು ಬರುತ್ತಿರುವ, ಸಭೆಗಳ ಯುವಜನರು ಬೆಂಗಳೂರು, ಮೈಸೂರುಗಳಿಗೆ ಹೊರಡುತ್ತಿರುವ ಇಂದಿನ ಸಂದರ್ಭದಲ್ಲಿ ಈ ಕಟ್ಟುವ ಕೆಲಸ ಮುಗಿದಿಲ್ಲ. ಲೈನು ಮನೆಗೆ ಹೊಸದಾಗಿ ಬಂದವನಿಗೂ ಕಾಣಿಕೆ ತರುವ, ಏಲಂ ಕೂಗುವ, ಊಟದ ಪಂಕ್ತಿಯಲ್ಲಿ ಕೂರುವ ಅವಕಾಶ ದೊರೆಯುವುದೋ ಇಲ್ಲವೋ ಎಂಬುದರಿಂದಲೇ ಈ ಸಭೆಗಳ ಮುಂದಿನ ಚರಿತ್ರೆ ನಿರ್ಣಯವಾಗಲಿದೆ.